ವಾರಾನ್ನದ ಮಾತು

ಬೆಂಗಳೂರಿನ ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಕ್ಕೆ ತಿರುಗಿದರೆ ಮೂಲೆಯಲ್ಲಿ ಒಂದು ಬೇಕರಿ. ಸಂಜೆ ಐದೂವರೆಗೆ ಲೇತ್ ಶೆಡ್ಡುಗಳಿಂದ, ಪವರ್ ಪ್ರೆಸ್ಸುಗಳಿಂದ ಕೈಗೆ ಗ್ರೀಸು ಮೆತ್ತಿಕೊಂಡೇ ಹೊರಬರುವ ಹುಡುಗರು ಅಲ್ಲಿ ನಿಂತು ಬನ್ನು ತಿನ್ನುತ್ತಾರೆ. ನಾನೂ ವಾಕಿಂಗ್ ಮುಗಿಸಿ ಅಲ್ಲಿ ಅರ್ಧ ಕಾಫಿ ಕುಡಿಯುವುದು ವಾಡಿಕೆ. ಹದಿನೈದು ವರ್ಷಗಳ ಹಿಂದಿನ ಮಾತು. ಒಂದು ಸೋಮವಾರ ಬಿಳಿ ಅಂಗಿ ತೊಟ್ಟು, ಟೈ ಕಟ್ಟಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡ ಇಬ್ಬರು ಹುಡುಗರು ಬಂದು ನಿಂತರು. ಒಬ್ಬ ನಮ್ಮ ಕಡೆಯವನಂತೆಯೇ ಇದ್ದ. ಇನ್ನೊಬ್ಬ ಅಮೆರಿಕದವನು, ಇಪ್ಪತ್ತು ತುಂಬಿರಲಿಕ್ಕಿಲ್ಲ, ಬಿಸಿಲಿಗೆ ಮೂಗು ಕೆಂಪಾಗಿತ್ತು. ಬೇಕರಿಯಲ್ಲಿ ಕೆಲಸಕ್ಕಿದ್ದ ಒಡಿಶಾದ ಹುಡುಗ ಕೇಳಿದ: ಟೀ? ಬೇಡ. ಕಾಫಿ? ಅದೂ ಬೇಡ. ಅವರ ಪಂಥದಲ್ಲಿ ಎರಡಕ್ಕೂ ನಿಷೇಧ. ಮಾರ್ಮನ್ ಸಂಪ್ರದಾಯದ ಮಿಷನರಿಗಳು ಅವರು, ಎರಡು ವರ್ಷಕ್ಕೆಂದು ಮನೆ ಬಿಟ್ಟು ಬಂದವರು. ಕೊನೆಗೆ ಇಬ್ಬರಿಗೂ ಬಾದಾಮಿ ಹಾಲು ಸಿಕ್ಕಿತು.

ಜುಲೈ ತಿಂಗಳು. ಆಕಾಶ ಮಂಕಾಗಿ ಮಳೆ ಶುರುವಾಯಿತು. ರಭಸವೂ ಇಲ್ಲ, ನಿಲ್ಲುವ ಲಕ್ಷಣವೂ ಇಲ್ಲ. ಅಮೆರಿಕದ ಹುಡುಗ ಅಂಗೈ ಹೊರಚಾಚಿ ಹನಿ ಹಿಡಿದು, ತಡವರಿಸುವ ಕನ್ನಡದಲ್ಲಿ ನನ್ನನ್ನು ಕೇಳಿದ: "ಅಂಕಲ್, ಈ ಮಳೆಗೆ ಏನು ಹೇಳ್ತೀರಿ?"

ನಾನು "ಡ್ರಿಜ಼ಲ್" ಅಂದೆ.

ಅವನು ನಕ್ಕ. ಆ ಪದ ಅವನ ಊರಿನದು, ಅವನಿಗೆ ಬೇಕಾಗಿದ್ದದ್ದು ನಮ್ಮದು. ಇಂಥ ಪುಟ್ಟ ಸಂಗತಿ ಎಷ್ಟು ದಿನ ಮನಸ್ಸಿನಲ್ಲಿ ಉಳಿದೀತು ಎಂದು ಕೇಳಬಹುದು. ನನ್ನಲ್ಲಿ ಇನ್ನೂ ಉಳಿದಿದೆ.

ದೂರದ ದೇಶಕ್ಕೆ ಧರ್ಮ ಹೇಳಲು ಹೋದ ಒಬ್ಬ ತರುಣನ ವಾರ ಹೇಗಿರುತ್ತದೆ? ಆ ಹುಡುಗರು ಸೋಮವಾರವನ್ನು ಬಟ್ಟೆ ಒಗೆಯಲು, ತರಕಾರಿ ತರಲು, ಮನೆಗೆ ಇ-ಮೇಲ್ ಬರೆಯಲು ಮೀಸಲಿಟ್ಟಿದ್ದರು. ಉಳಿದ ದಿನ ಆರೂವರೆಗೆ ಏಳಬೇಕು, ಓದಬೇಕು, ಭಾಷೆ ಕಲಿಯಬೇಕು. ಎಲ್ಲಿಗೆ ಹೋದರೂ ಜೋಡಿಯಾಗಿಯೇ ಹೋಗಬೇಕು, ಒಂಟಿಯಾಗಿ ಇರಕೂಡದು. ತಾಯಿತಂದೆಯೊಡನೆ ಫೋನಿನಲ್ಲಿ ಮಾತು ಆ ಕಾಲದಲ್ಲಿ ವರ್ಷಕ್ಕೆ ಎರಡೇ ಸಲ. ವಾರಕ್ಕೊಮ್ಮೆ ಮಾತಾಡುವ ಅನುಮತಿ ಸಿಕ್ಕಿದ್ದು 2019ರಲ್ಲಿ. ಭಾನುವಾರ ಪ್ರಾರ್ಥನೆ. ಹೊರಗಿನಿಂದ ನೋಡಿದರೆ ಈ ವಾರದ ಶಿಖರ ಭಾನುವಾರವೇ. ಅದಕ್ಕಾಗಿ ತಾನೆ ಅವರು ಬಂದದ್ದು? ಆದರೆ ಒಂದು ಬಾಳಿನ ಅರ್ಥ ಅದರ ಭಾನುವಾರದಲ್ಲಿ ಇರುತ್ತದೆಯೋ, ಉಳಿದ ಆರು ದಿನಗಳಲ್ಲಿ ಇರುತ್ತದೆಯೋ? ಹೇಳಲು ಬಂದ ಮಾತು ಭಾನುವಾರದ್ದಾದರೆ, ಕೇಳಬೇಕಾದ ಮಾತುಗಳೆಲ್ಲ ವಾರದ ದಿನಗಳವು. ಉಪ್ಪಿಗೆ ಏನನ್ನುತ್ತೀರಿ, ಈ ಬಸ್ಸು ಎಲ್ಲಿಗೆ ಹೋಗುತ್ತದೆ, ಈ ಮಳೆಗೆ ಏನು ಹೆಸರು?

'ವಾರ' ಎಂದರೆ ಮೂಲದಲ್ಲಿ ಸರದಿ. ಸರದಿ ಎಂದ ಕೂಡಲೇ ನನಗೆ ವಾರಾನ್ನ ನೆನಪಾಗುತ್ತದೆ. ನಮ್ಮ ತಂದೆಯವರು ತುಮಕೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಗುರುವಾರ ಒಬ್ಬ ವಿಧವೆ ಅಜ್ಜಿಯ ಮನೆ. ಎಂಬತ್ತು ದಾಟಿದ ಮೇಲೂ, ಮಗನ ಹೆಸರು ಮರೆತ ದಿನವೂ, ಯಾವ ವಾರ ಯಾವ ಮನೆ ಎಂಬುದನ್ನು ಅವರು ಮರೆಯಲಿಲ್ಲ. "ಗುರುವಾರ ಮಾತ್ರ ತುಪ್ಪ ಹಾಕೋರು ಕಣೋ" ಎನ್ನುತ್ತಿದ್ದರು. ಈ ವ್ಯವಸ್ಥೆಯನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಯಾವ ಹುಡುಗ ಯಾವ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿಕೊಂಡು ಕೂರಬಹುದು ಎಂಬುದನ್ನು ಜಾತಿ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಅದೇ ತುಮಕೂರಿನ ಸಿದ್ಧಗಂಗೆಯ ದಾಸೋಹ ಆ ಬಾಗಿಲನ್ನು ಎಷ್ಟು ಅಗಲವಾಗಿ ತೆರೆಯಿತು ಎಂಬುದು ನಾಡಿಗೇ ಗೊತ್ತು. ಆದರೂ ಪರಸ್ಥಳದ ಹುಡುಗನೊಬ್ಬನ ವಾರವನ್ನು ಏಳು ಮನೆಗಳು ಹಂಚಿಕೊಂಡು ಹೊರುವ ಕಲ್ಪನೆ ಇದೆಯಲ್ಲ, ಅದರಲ್ಲಿ ನಾವು ಕಳೆದುಕೊಂಡ ಏನೋ ಒಂದಿದೆ. ಮನೆ ಬಿಟ್ಟವನ ವಾರ ಅವನ ಸ್ವಂತದ್ದಾಗಿರುವುದಿಲ್ಲ, ಅದು ಬೇರೆಯವರ ಹೊಸ್ತಿಲುಗಳಿಂದ ಆಗಿರುತ್ತದೆ. ಕೊಡಲು ಹೊರಟವನು ಮೊದಲು ಬೇಡಬೇಕಾಗುತ್ತದೆ.

ಅಂದು ಸಂಜೆ ಮನೆಗೆ ಬಂದವನೇ ಕಿಟೆಲ್ ನಿಘಂಟನ್ನು ಕೆಳಗಿಳಿಸಿದೆ. ನಾಚಿಕೆಯೇ ಇಳಿಸಿತು ಎನ್ನಬೇಕು. 'ಸೋನೆ' ಅಲ್ಲಿತ್ತು. ಬಿಡದೆ ಜಿನುಗುವ ಮಳೆ. ನನ್ನ ಅಜ್ಜಿ ದಿನವೂ ಬಳಸುತ್ತಿದ್ದ ಪದ ನನ್ನ ನಾಲಗೆಗೆ ಬಾರದೆ, ಜರ್ಮನಿಯ ಉತ್ತರ ತೀರದಲ್ಲಿ ಹುಟ್ಟಿದ ಒಬ್ಬನ ಪುಸ್ತಕದಲ್ಲಿ ಬೆಚ್ಚಗೆ ಕೂತಿತ್ತು. ಅವನಾದರೂ ಅದನ್ನು ಎಲ್ಲಿಂದ ತಂದ?

ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಕಡೆಯಿಂದ ಧಾರವಾಡಕ್ಕೆ ಬಂದಾಗ ಇಪ್ಪತ್ತೊಂದರ ತರುಣ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ನಿಂತಿರುವ ಅವನ ಪ್ರತಿಮೆ ನಮಗೆ ವೃದ್ಧ ಪಂಡಿತನನ್ನು ತೋರಿಸುತ್ತದೆ. ನಮ್ಮ ಕೃತಜ್ಞತೆಗೆ ಅದು ಸರಿ, ನಮ್ಮ ತಿಳಿವಿಗೆ ಸಾಲದು. ಇಪ್ಪತ್ತೊಂದರ ಹುಡುಗನನ್ನು ಕಾಣದೆ ಆ ನಿಘಂಟು ಅರ್ಥವಾಗುವುದಿಲ್ಲ. ಸೂಯೆಜ್ ಕಾಲುವೆ ಇನ್ನೂ ತೆರೆಯದ ಕಾಲ. ಮನೆಗೊಂದು ಕಾಗದ ಬರೆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಬಾಸೆಲ್ಲಿನಲ್ಲಿದ್ದ ಮೇಲಿನವರಿಗೆ ವರದಿ ಕಳಿಸಬೇಕು: ಏನು ಬೋಧಿಸಿದೆ, ಯಾರು ಕೇಳಿದರು, ಎಷ್ಟು ಮಂದಿ ಒಲಿದರು? ಆ ಲೆಕ್ಕದಲ್ಲಿ ಅವನ ವಾರಗಳು ಅಂಥ ಫಲವಂತವಾಗಿರಲಿಲ್ಲ. ಅವನು ಸುತ್ತಲಿನ ಊರುಗಳಿಗೆ ಕಾಲ್ನಡಿಗೆಯಲ್ಲಿ ಹೋದ, ಜನರಂತೆ ಬದುಕಿಯೇ ಜನರನ್ನು ತಲುಪಬೇಕು ಎಂದುಕೊಂಡ. ಅದು ಹಿರಿಯ ಸಹೋದ್ಯೋಗಿಗಳಿಗೆ ಅಷ್ಟಾಗಿ ಹಿಡಿಸಲಿಲ್ಲ. ಬೋಧಕನಾಗಿ ಅವನು ಬಹುಮಟ್ಟಿಗೆ ಅಂಚಿನಲ್ಲೇ ಉಳಿದ.

ಉಳಿದದ್ದು ಮಾತ್ರ ಬೇರೆಯೇ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯ ಸಂಪಾದನೆ. ಕೊನೆಗೆ 1894ರಲ್ಲಿ ಮಂಗಳೂರಿನಿಂದ ಹೊರಬಂದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. ಪದ ಸಂಗ್ರಹಿಸಲು ತೊಡಗಿದಾಗ ಇನ್ನೂ ತರುಣ, ಪುಸ್ತಕ ಕೈಗೆ ಬಂದಾಗ ಅರವತ್ತೆರಡು. ಇದನ್ನೆಲ್ಲ ನಾವು ಶಾಲೆಯಿಂದಲೇ ಕೇಳುತ್ತ ಬಂದಿದ್ದೇವೆ. ಕೇಳಿಕೊಳ್ಳದೆ ಬಿಟ್ಟದ್ದು ಒಂದಿದೆ. ಎಪ್ಪತ್ತು ಸಾವಿರ ಸಲ "ಇದಕ್ಕೇನಂತೀರಿ?" ಎಂದು ಕೇಳಿದವನ ಹೆಸರು ನಮಗೆ ಗೊತ್ತು, ಎಪ್ಪತ್ತು ಸಾವಿರ ಸಲ ಉತ್ತರ ಹೇಳಿದವರು ಯಾರು?

ಕಾವ್ಯಗಳ ಪದಗಳನ್ನು ಓಲೆಗರಿಗಳಿಂದ ತೆಗೆಯಬಹುದು, ಪಂಡಿತರನ್ನು ಕೂರಿಸಿಕೊಂಡು ಕೇಳಬಹುದು. ಆದರೆ ಆ ನಿಘಂಟಿನಲ್ಲಿ ಪದದ ಬಳಕೆಗೆ ಸಾಕ್ಷಿಯಾಗಿ ಗಾದೆಗಳು ಬರುತ್ತವೆ, ಹೊಲದ ಮಾತು, ಅಡುಗೆಮನೆಯ ಮಾತು ಬರುತ್ತವೆ. ಗಾದೆ ಬದುಕುವುದು ಓಲೆಗರಿಯಲ್ಲಿ ಅಲ್ಲ. ಯಾರೋ ಒಬ್ಬ ರೈತ ನೇಗಿಲು ನಿಲ್ಲಿಸಿ ಈ ಬಿಳಿಯ ಹುಡುಗನ ತೊದಲು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಿರಬೇಕು. ಅವನು ಒತ್ತಕ್ಷರ ತಪ್ಪಿದಾಗ ನಕ್ಕು, ಮತ್ತೆ ಹೇಳಿಕೊಟ್ಟಿರಬೇಕು. ಯಾರೋ ತಾಯಿ ಕಟ್ಟೆಯ ಮೇಲೆ ಕೂತು ರಾಗಿ ಹಸನು ಮಾಡುತ್ತ, ಮೊರ ಯಾವುದು ಜರಡಿ ಯಾವುದು ಎಂದು ಬಿಡಿಸಿ ಹೇಳಿರಬೇಕು. ಇವನು ತಮ್ಮ ದೇವರ ಬಗ್ಗೆ ಏನೆಂದುಕೊಂಡಿದ್ದಾನೆ ಎಂಬುದು ಅವರಿಗೆ ತಿಳಿಯದೆ ಇತ್ತೆ? ತಿಳಿದಿತ್ತು. ಕೇಳಿದ್ದು ಪದವನ್ನು, ಕೊಟ್ಟರು. ನೀರು ಕೇಳಿದವನಿಗೆ ನೀರು ಕೊಟ್ಟ ಹಾಗೆ. ಆ ನಿಘಂಟು ಒಬ್ಬ ಮಹನೀಯನ ತಪಸ್ಸು ಎಂಬುದರಲ್ಲಿ ಸಂಶಯವಿಲ್ಲ. ಅದು ಹೆಸರಿಲ್ಲದ ಸಾವಿರಾರು ಮನೆಗಳು ಒಬ್ಬ ಹುಡುಗನಿಗೆ ಬಡಿಸಿದ ವಾರಾನ್ನವೂ ಹೌದು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಅದನ್ನು ಬದಿಗೆ ಸರಿಸಿ ಮಾತು ಮುಂದುವರಿಸುವುದು ಪ್ರಾಮಾಣಿಕವಲ್ಲ. ಬಂದವನ ಉದ್ದೇಶ ನಮ್ಮನ್ನು ಬದಲಿಸುವುದು. ನಮ್ಮ ನಂಬಿಕೆಯೇ ತಪ್ಪು ಎಂದು ಹೇಳಲು ಬಂದವನನ್ನು ಹೊಸ್ತಿಲೊಳಗೆ ಕರೆಯುವುದು ಹೇಗೆ? ಹಾಗೆ ಬದಲಾದವರ ಮನೆಗಳಲ್ಲಿ ನಡೆದದ್ದೇನು?

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದ. ಊರಿಗೆ ಊರೇ ಕುದಿಯಿತು. ಹತ್ತೊಂಬತ್ತರ ಆಸುಪಾಸಿನ ಆ ಹುಡುಗನಿಗೆ ಮನೆ ಇಲ್ಲವಾಯಿತು, ಮನೆಗೆ ಮಗ ಇಲ್ಲವಾದ. ಯಾರ ನೋವು ದೊಡ್ಡದು ಎಂದು ತೂಗಲು ನಾವು ಯಾರು? ಸತ್ಯ ಸಿಕ್ಕಿತು ಎಂದು ಅವನು ಹೊರಟ, ಮಗ ಸತ್ತ ಎಂದು ಮನೆಯವರು ಅತ್ತರು. ಎರಡನ್ನೂ ನಂಬಬೇಕಾದ ಸಂಕಟ ನಮ್ಮದು. ಅವನನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ತಮ್ಮೊಡನೆ ಯೂರೋಪಿಗೆ ಕರೆದೊಯ್ದರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ ಮೋಗ್ಲಿಂಗರೇ ಅವರು. ಬಾಸೆಲ್ಲಿನಲ್ಲಿ ವರ್ಷಗಟ್ಟಲೆ ಓದಿ, 1851ರಲ್ಲಿ ದೀಕ್ಷೆ ಪಡೆದು, ಗುರುವಿನ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾಗಿ ಅವನು ಮಂಗಳೂರಿಗೆ ಮರಳಿದ.

ಕಿಟೆಲ್ ಧಾರವಾಡದಲ್ಲಿ ಕಳೆದ ವಾರಗಳನ್ನು ನೆನೆಯುವ ನಾವು ಕೌಂಡಿನ್ಯ ಬಾಸೆಲ್ಲಿನಲ್ಲಿ ಕಳೆದ ವಾರಗಳನ್ನು ನೆನೆದದ್ದು ಕಡಿಮೆ. ಕರಾವಳಿಯ ಮಳೆಗೆ ಒಗ್ಗಿದ ಮೈ, ರೈನ್ ನದಿಯ ದಂಡೆಯ ಚಳಿ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಓದಿಗೆ ಕನ್ನಡ ಎಂದಿದ್ದ ನಾಲಗೆಗೆ ಜರ್ಮನ್ ವ್ಯಾಕರಣ. ಹಿಮ ಬಿದ್ದಾಗ ಅವನೂ ಯಾರನ್ನೋ ಕೇಳಿರಬೇಕಲ್ಲ, ಇದಕ್ಕೆ ಏನಂತೀರಿ ಎಂದು? ಅವನಿಗೆ ಅಲ್ಲಿ ಯಾರು ಸಾವಧಾನವಾಗಿ ಉತ್ತರಿಸಿದರು? ಆ ಹೆಸರುಗಳೂ ಯಾವ ಪುಸ್ತಕದಲ್ಲೂ ಇರಲಾರವು. ಹೊರದೇಶದ ಮಿಷನರಿ ಎಂದರೆ ಬಿಳಿಯವನು ಇಲ್ಲಿಗೆ ಬಂದವನು ಎಂಬ ನಮ್ಮ ಚಿತ್ರ ಅರ್ಧದ್ದು.

ಹಿಂದಕ್ಕೆ ನೋಡಿದರೆ ಈ ಹೋಗಿಬರುವಿಕೆ ನಮಗೆ ಹೊಸದೂ ಅಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಕ್ಕೆ, ಮಹಾದೇವನೆಂಬವನನ್ನು ಮಹಿಷಮಂಡಲಕ್ಕೆ ಧರ್ಮಪ್ರಸಾರಕ್ಕಾಗಿ ಕಳಿಸಿದರೆಂದು ಸಿಂಹಳದ 'ಮಹಾವಂಸ' ಹೇಳುತ್ತದೆ. ವನವಾಸ ನಮ್ಮ ಬನವಾಸಿ. ಆ ಭಿಕ್ಷುವೂ ಪಾಲಿಯಲ್ಲಿ ಯೋಚಿಸಿ, ಇಲ್ಲಿನ ಯಾವುದೋ ಹಳೆಯ ನುಡಿಯಲ್ಲಿ ತೊದಲಿ, ಮನೆಮನೆಯ ಮುಂದೆ ಪಾತ್ರೆ ಹಿಡಿದಿರಬೇಕು. ನಮ್ಮ ಜಂಗಮನ ಕಲ್ಪನೆಯಲ್ಲೂ ಇದೇ ಇದೆ. ನಿಂತಲ್ಲಿ ನಿಲ್ಲದವನು ಹೇಳುವ ಮೊದಲು ಭಿಕ್ಷೆ ಕೇಳುತ್ತಾನೆ. ಉಣ್ಣದೆ ಹೇಳಿದ ಉಪದೇಶ ನಮ್ಮ ಹಿರಿಯರಿಗೆ ಅನುಮಾನದ್ದಾಗಿತ್ತೇನೋ! ಕೈಚಾಚಿದವನ ಬಾಯಿಂದ ಬಂದದ್ದನ್ನು ಮಾತ್ರ ಅವರು ಕಿವಿಗೊಟ್ಟು ಕೇಳಿದರು. ಒಪ್ಪುವುದು ಬಿಡುವುದು ಆಮೇಲಿನ ಮಾತು.

ಬಾಸೆಲ್ ಮಿಷನ್ನಿನವರ ವಾರದಲ್ಲಿ ಮಾತೇ ಇಲ್ಲದ ದಿನಗಳೂ ಇದ್ದವು. ಜಾತಿ ಬಿಟ್ಟವನಿಗೆ ಕಸುಬೂ ಬಿಟ್ಟುಹೋಗುತ್ತಿತ್ತು. ಅವನಿಗೆ ಅನ್ನದ ದಾರಿ ಆಗಬೇಕಲ್ಲ? ಹಾಗಾಗಿ ಮಗ್ಗ ಬಂತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ನಮ್ಮ ಕಾಮಾಕ್ಷಿಪಾಳ್ಯದ ಹಳೆಯ ಶೆಡ್ಡುಗಳಲ್ಲಿ ತಗಡು ಹಾಕದೆ ಉಳಿದ ಒಂದೆರಡರ ಮೇಲೆ ಈಗಲೂ ಮಂಗಳೂರು ಹೆಂಚು ಕಾಣುತ್ತದೆ. ಅದರ ಕೆಳಗೆ ಕೂತು ಲೇತ್ ತಿರುಗಿಸುವವನಿಗೆ ಅದು ಯಾರದೋ ಧರ್ಮಸಂಕಟದಿಂದ ಹುಟ್ಟಿದ ಹೆಂಚು ಎಂದು ಗೊತ್ತಿರಬೇಕಾಗಿಲ್ಲ. ನೆರಳಿದ್ದರೆ ಸಾಕು.

ನಮ್ಮಲ್ಲಿಂದ ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸುಮನಹಳ್ಳಿ. ಬಸ್ಸಿನ ಕಂಡಕ್ಟರು ದಿನಕ್ಕೆ ಎಷ್ಟೋ ಸಲ ಆ ಹೆಸರು ಕೂಗುತ್ತಾರೆ. ನಮಗೆ ಅದು ಒಂದು ಮೇಲ್ಸೇತುವೆ, ಒಂದು ಟ್ರಾಫಿಕ್ ಜಾಮ್. ಕುಷ್ಠರೋಗಿಗಳ ಆರೈಕೆಗೆ, ಪುನರ್ವಸತಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿ ಕ್ರೈಸ್ತ ಸೇವಾಕೇಂದ್ರ ಶುರುವಾಯಿತು ಎಂಬುದು ಸಿಗ್ನಲ್ಲಿನಲ್ಲಿ ಹಾರನ್ ಹೊಡೆಯುವಾಗ ಯಾರಿಗೆ ನೆನಪಾಗುತ್ತದೆ? ಸುಮನ ಎಂದರೆ ಒಳ್ಳೆಯ ಮನಸ್ಸು. ಊರೇ ಮುಟ್ಟಲು ಹಿಂಜರಿದವರ ವ್ರಣ ತೊಳೆಯುವ ಕೆಲಸಕ್ಕೆ ಭಾನುವಾರ ಯಾವುದು, ಸೋಮವಾರ ಯಾವುದು? ಬ್ಯಾಂಡೇಜು ಪ್ರತಿದಿನ ಬದಲಿಸಬೇಕು. ಅಲ್ಲಿ ದುಡಿಯಲು ದೂರದಿಂದ ಬಂದ ತರುಣನೊಬ್ಬ ಕಲಿಯಬೇಕಾದ ಮೊದಲ ಕನ್ನಡ ಬಹುಶಃ "ಮುಟ್ಟಿದ್ದು ಗೊತ್ತಾಗ್ತಿದೆಯಾ?" ಎಂಬುದೇ. ಆ ಎರಡು ಮಾತು ಸರಿಯಾಗಿ ಬಂದರೆ ಸಾಕು ಅನಿಸುವುದಿಲ್ಲವೆ? ಅಲ್ಲಿಯೂ ಉತ್ತರ ಕೊಡಬೇಕಾದವನು ರೋಗಿಯೇ. ಸ್ಪರ್ಶ ಎಲ್ಲಿ ತಿಳಿಯುತ್ತದೆ, ಎಲ್ಲಿ ತಿಳಿಯುವುದಿಲ್ಲ ಎಂದು ಅವನು ಹೇಳಿಕೊಟ್ಟರೆ ಮಾತ್ರ ಸೇವಕನ ಕೈ ಸರಿಯಾದ ಜಾಗಕ್ಕೆ ಹೋಗುತ್ತದೆ.

ಈಗ ನಮ್ಮ ಬೀದಿಯ ಮಾತಿಗೆ ಬರೋಣ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ ಇವತ್ತು ಬಿಹಾರದವರಿದ್ದಾರೆ, ಒಡಿಶಾದವರಿದ್ದಾರೆ, ರಾಯಚೂರು-ಕಲಬುರಗಿಯ ಹುಡುಗರೂ ಇದ್ದಾರೆ. ಶನಿವಾರ ಬಟವಾಡೆ, ಭಾನುವಾರ ರಜೆ. ಅವರು ಧರ್ಮ ಹೇಳಲು ಬಂದವರಲ್ಲ, ದುಡಿಯಲು ಬಂದವರು. ಆದರೆ ಮನೆ ಬಿಟ್ಟವನ ವಾರ ಯಾರದಾದರೂ ಒಂದೇ. ಮೊದಲ ವಾರ ದಾರಿ ಗೊತ್ತಿಲ್ಲ, ಎರಡನೆಯ ವಾರ ಮಾತು ಗೊತ್ತಿಲ್ಲ, ಮೂರನೆಯ ವಾರ ಗೊತ್ತಿರುವುದನ್ನೂ ಆಡಲು ಭಯ. ಈಚೆಗೆ ನಮ್ಮ ನಗರದಲ್ಲಿ ಭಾಷೆಯ ವಿಷಯ ಬಂದರೆ ದನಿ ಏರುತ್ತದೆ. ಬಂದವರು ಕನ್ನಡ ಕಲಿಯಬೇಕು ಎನ್ನುತ್ತೇವೆ. ಕಲಿಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಹತ್ತು ವರ್ಷ ಇದ್ದೂ "ಗೊತ್ತಿಲ್ಲ" ಎಂಬ ಒಂದೇ ಕನ್ನಡದಲ್ಲಿ ಬದುಕುವವರ ಉಡಾಫೆ ನನಗೂ ನೋವು ತಂದಿದೆ. ಆದರೆ ಕಲಿಯಲು ಬಾಯಿ ತೆರೆದವನಿಗೆ ನಾವು ಏನು ಕೊಡುತ್ತಿದ್ದೇವೆ? ಅವನ ತಪ್ಪು ಉಚ್ಚಾರ ಮುಗಿಯುವವರೆಗೂ ಕಾಯುವ ವ್ಯವಧಾನ ನಮಗಿದೆಯೆ? ಅವನು ಅರ್ಧ ವಾಕ್ಯಕ್ಕೆ ತಡವರಿಸಿದ ಕೂಡಲೇ ಹಿಂದಿಗೋ ಇಂಗ್ಲಿಷಿಗೋ ಹೊರಳುವವರು ನಾವಲ್ಲವೆ? ಅದನ್ನು ನಾವು ಉಪಕಾರ ಎಂದುಕೊಳ್ಳುತ್ತೇವೆ. ಎಲೆಯ ಮುಂದೆ ಕೂತವನನ್ನು ಎಬ್ಬಿಸಿ, ಹೋಟೆಲಿಗೆ ಹೋಗೆಂದು ಕಾಸು ಕೊಟ್ಟಂತೆ ಅದು. ಅವನ ಹೊಟ್ಟೆ ತುಂಬೀತು, ಆದರೆ ನಮ್ಮ ಮನೆ ಅವನಿಗೆ ಎಂದೂ ಗೊತ್ತಾಗುವುದಿಲ್ಲ.

ಧಾರವಾಡದ ಆ ರೈತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದ್ದರಿಂದ ಕನ್ನಡವನ್ನೇ ಕೊಟ್ಟ ಎಂದು ವಾದಿಸಬಹುದು. ಇರಬಹುದು. ಆದರೆ ಬರದೆ ಇದ್ದವನು ಕೊಡದೆಯೂ ಇರಬಹುದಿತ್ತಲ್ಲ, ಬೆನ್ನು ತಿರುಗಿಸಿ ಎತ್ತು ಹೊಡೆದುಕೊಂಡು ಹೋಗಬಹುದಿತ್ತಲ್ಲ? ನನಗೆ ಇಂಗ್ಲಿಷ್ ಬರುತ್ತಿತ್ತು, ನಾನು ಕೊಟ್ಟದ್ದು ಡ್ರಿಜ಼ಲ್.

ಮುಂದಿನ ಸೋಮವಾರ ಬೇಕೆಂದೇ ಹೊತ್ತಿಗೆ ಮುಂಚೆ ಹೋಗಿ ಬೇಕರಿಯ ಮುಂದೆ ನಿಂತೆ. ಇಬ್ಬರೂ ಬಂದರು. ಅಂದು ಮಳೆ ಇರಲಿಲ್ಲ, ಆಕಾಶ ಬಿಳಿಚಿತ್ತು. "ಸೋನೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಹೋದ ವಾರದ ಮಳೆಯನ್ನು ಕೈಸನ್ನೆಯಲ್ಲಿ ತೋರಿಸಿದೆ. ಓಹೋ ಎಂದು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ, ಕನ್ನಡ ಅಕ್ಷರದಲ್ಲೇ. ಓತ್ವದ ದೀರ್ಘ ಬಿಟ್ಟಿದ್ದ, ತಿದ್ದಿದೆ. ನಾಲ್ಕು ಸಲ ಹೇಳಿಸಿದೆ. ನಾಲ್ಕನೆಯ ಸಲಕ್ಕೆ ಬಂತು. ಹಾಲಿನ ದುಡ್ಡು ನಾನು ಕೊಡಲು ಹೋದರೆ ಬೇಡವೆಂದ. ಅವನ ಜೊತೆಗಾರ ಮಾತ್ರ ಒಪ್ಪಿಕೊಂಡು ನಕ್ಕ. ಧರ್ಮದ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮತ್ತೆ ಒಂದೆರಡು ವಾರ ಸಿಕ್ಕಿದರು. ಆಮೇಲೆ ಅವನಿಗೆ ಬೇರೆ ಊರಿಗೆ ವರ್ಗವಾಯಿತಂತೆ. ಅವರಲ್ಲಿ ಅದು ಆಗಾಗ ಆಗುವಂಥದೇ.

ಮಾರನೆಯ ವರ್ಷದ ಆಷಾಢದಲ್ಲಿ ಒಂದು ಸಂಜೆ ಬೇಕರಿಯ ಮುಂದೆ ನಿಂತಿದ್ದೆ. ಒಡಿಶಾದ ಹುಡುಗ ಹೊರಗಿನ ಬ್ರೆಡ್ಡಿನ ಟ್ರೇಗಳ ಮೇಲೆ ಪ್ಲಾಸ್ಟಿಕ್ ಹೊದಿಸುತ್ತ, ಆಕಾಶ ನೋಡಿ ನನಗೆಂದ: "ಸೋನೆ ಹಿಡೀತು ಸಾರ್, ಇವತ್ತು ಬಿಡಲ್ಲ."

ನನ್ನ ಅರ್ಧ ಕಾಫಿ ಕೈಯಲ್ಲೇ ಉಳಿಯಿತು. ಈ ಮಾತು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ಬಾದಾಮಿ ಹಾಲು ಕುಡೀತಿದ್ದನಲ್ಲ ಸಾರ್, ಆ ಬಿಳಿ ಹುಡುಗ," ಅಂದ.